ಕಡೇ ದಿನ ಬಂತು ಅಂತ ದೊಡ್ಡಪ್ಪ ಹೊಲ ಮಾರಲು ಹೊರಟಿದ್ದಾರೆ, ಏನು ಹೇಳಲಿ?

ಕೌಲ್‌ಬಜಾರ್ ಹುಡುಗ
ಎಲ್ಲರಿಗೂ ನಮಸ್ಕಾರ. ನಾನು ಬಳ್ಳಾರಿಯವನು. ನಮ್ಮ ದೊಡ್ಡಪ್ಪ ಇರುವುದು ಸಿಂಧನೂರು ಹತ್ತಿರದ ಒಂದು ಹಳ್ಳಿಯಲ್ಲಿ. ಕಾಲುವೆ ನೀರಿನ ಮೂರು ಎಕರೆ ಇದೆ, ಭತ್ತ ಬೆಳೆಯುತ್ತಾರೆ. ನಾವು ಮೂರು ತಲೆಮಾರಿನಿಂದ ಕ್ರೈಸ್ತರು. ದೊಡ್ಡಪ್ಪ ಊರಿನ ಕ್ರೈಸ್ತ ಸಭೆಯಲ್ಲಿ (ಚರ್ಚಿನಲ್ಲಿ) ಹಿರಿಯರು. ಓದಿದ್ದು ಏಳನೇ ಕ್ಲಾಸು, ಆದರೆ ಸತ್ಯವೇದವನ್ನು ಮೊದಲಿಂದ ಕೊನೆವರೆಗೆ ಮೂರು ಸಲ ಓದಿದ್ದಾರೆ.

ಹೋದ ವರ್ಷ ಮಗ ಹೊಸ ಫೋನ್ ಕೊಡಿಸಿದ. ಅಲ್ಲಿಂದ ಶುರುವಾಯಿತು. ರಾತ್ರಿ ಎರಡು ಗಂಟೆಯವರೆಗೂ ಒಬ್ಬ ಬೋಧಕರ ವಿಡಿಯೋ ನೋಡುತ್ತಾರೆ. ಕ್ರಿಸ್ತವಿರೋಧಿ, ಅಂದರೆ ಲೋಕದ ಕೊನೆಗೆ ಬರುವ ಸುಳ್ಳು ದೊರೆ, ಆಗಲೇ ಹುಟ್ಟಿದ್ದಾನಂತೆ. ಇನ್ನು ಎರಡು ವರ್ಷದೊಳಗೆ ಇಡೀ ಲೋಕ ಆಳುತ್ತಾನಂತೆ. ಆಮೇಲೆ ನೋಟು, ಬ್ಯಾಂಕು, ಪಹಣಿ ಯಾವುದಕ್ಕೂ ಬೆಲೆ ಇಲ್ಲವಂತೆ. ತುಂಗಭದ್ರಾ ಡ್ಯಾಮಿನ ಗೇಟು ಕೊಚ್ಚಿಹೋಗಿದ್ದೂ ಒಂದು ಗುರುತಂತೆ. ಆದ್ದರಿಂದ ಇದ್ದದ್ದನ್ನು ಮಾರಿ "ವಿಶ್ವಾಸದ ಬೀಜ" ಬಿತ್ತಿ ಅಂತ ಹೇಳಿ, ವಿಡಿಯೋ ಕೆಳಗೆ ಖಾತೆ ನಂಬರು ಹಾಕುತ್ತಾರೆ.

ಈಗ ಎರಡು ತೊಂದರೆ. ಒಂದು, ರೇಷನ್ ಅಂಗಡಿಯ ಮಷೀನಿಗೆ ದೊಡ್ಡಪ್ಪ ಹೆಬ್ಬೆಟ್ಟು ಕೊಡುತ್ತಿಲ್ಲ. ಬೈಬಲಿನ ಕೊನೆಯ ಪುಸ್ತಕ ಪ್ರಕಟನೆಯಲ್ಲಿ ಇರುವ ಹಾಗೆ ಬಲಗೈಗೆ ಮೃಗದ ಗುರುತು, ಅಂದರೆ ಆ ಸುಳ್ಳು ದೊರೆಯ ಮುದ್ರೆ, ಬೀಳುತ್ತೆ ಅನ್ನುತ್ತಾರೆ. ಎರಡನೆಯದು ದೊಡ್ಡದು. ಹೊಲಕ್ಕೆ ಗಿರಾಕಿ ನೋಡಿದ್ದಾರೆ. ದೊಡ್ಡಮ್ಮ ಫೋನಿನಲ್ಲಿ ಅಳುತ್ತಾರೆ.

ಬೈಬಲಿನಲ್ಲಿ ನಿಜವಾಗಿ ಏನಿದೆ, ಗೊತ್ತಿರುವವರು ಹೇಳಿ. "ಅದೆಲ್ಲ ಮೂಢನಂಬಿಕೆ" ಅಂದರೆ ದೊಡ್ಡಪ್ಪ ನನ್ನ ಮುಖ ನೋಡಲ್ಲ.

ಮಿರ್ಚಿ ಮಂಡಕ್ಕಿ
ಎರಡು ವರ್ಷದಲ್ಲಿ ಲೋಕ ಮುಗಿಯೋದಾದರೆ ಬೋಧಕರಿಗೆ ದುಡ್ಡು ಯಾಕೆ ಬೇಕು ಅಂತ ಕೇಳಿ. ಮುಗೀತು.

ಕೌಲ್‌ಬಜಾರ್ ಹುಡುಗ
ಕೇಳಿದೆ ಅಣ್ಣ. "ಸೇವೆಗೆ" ಅಂದರು.

ಗಂಗಾವತಿ ಸೋನಾ
ಡ್ಯಾಮಿನ ಮಾತು ಬಂತಲ್ಲ, ಅದನ್ನು ಮೊದಲು ಸರಿ ಮಾಡೋಣ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಸರಪಳಿ ತುಂಡಾಯಿತು. ಗೇಟಿಗೆ ಸುಮಾರು 70 ವರ್ಷ ವಯಸ್ಸು. ಒಂದು ವಾರದಲ್ಲಿ, ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್, ಅಂದರೆ ತಾತ್ಕಾಲಿಕ ಗೇಟು, ಇಳಿಸಿದರು. ಡ್ಯಾಮ್ ಗೇಟಿನ ತಜ್ಞ ಕನ್ನಯ್ಯ ನಾಯ್ಡು ಅವರ ತಂಡ ಇಳಿಸಿದ್ದು, ದೇವದೂತರಲ್ಲ. ಆ ವಾರ ನಾವು ಅಕ್ಕಿ ವ್ಯಾಪಾರದವರು ನಿದ್ದೆ ಮಾಡಿಲ್ಲ. ತುಕ್ಕು ಹಿಡಿದ ಸರಪಳಿಗೆ ಪ್ರವಾದನೆ ಯಾಕೆ?

ಎಚ್ಚರಿಕೆಯ ಕಹಳೆ
ಕರ್ತನಿಗೆ ಸ್ತೋತ್ರ. ಬ್ರದರ್, ನಿಮ್ಮ ದೊಡ್ಡಪ್ಪನವರನ್ನು ಇಲ್ಲಿ ನಗೆಪಾಟಲು ಮಾಡಬೇಡಿ. ಅವರು ಹೇಳುವುದರಲ್ಲಿ ಸತ್ಯ ಇದೆ. ಮತ್ತಾಯ 24ರಲ್ಲಿ ಕಡೇ ದಿನಗಳ ಬಗ್ಗೆ ಶಿಷ್ಯರು ಕೇಳಿದಾಗ ಯೇಸು ಸ್ವಾಮಿ ಕೊಟ್ಟ ಮೊದಲ ಉತ್ತರವೇ, ಯಾರೂ ನಿಮ್ಮನ್ನು ಮೋಸಗೊಳಿಸದಂತೆ ನೋಡಿಕೊಳ್ಳಿ ಅನ್ನೋದು. 2 ಥೆಸಲೋನಿಕ 2ರಲ್ಲಿ ಅಧರ್ಮಸ್ವರೂಪನು ದೇವಾಲಯದಲ್ಲಿ ಕೂತು ತಾನೇ ದೇವರು ಅನ್ನುತ್ತಾನೆ. ಪ್ರಕಟನೆ 13ರಲ್ಲಿ ಸಮುದ್ರದಿಂದ ಒಂದು ಮೃಗ, ಭೂಮಿಯಿಂದ ಇನ್ನೊಂದು ಮೃಗ. ಎರಡನೆಯದಕ್ಕೆ ಕುರಿಮರಿಯ ಹಾಗೆ ಎರಡು ಕೊಂಬು, ಮಾತು ಮಾತ್ರ ಘಟಸರ್ಪದ್ದು. ಇದೆಲ್ಲ ಬರಲೇಬೇಕು. 1948ರಲ್ಲಿ ಇಸ್ರೇಲ್ ದೇಶವಾದದ್ದು ಸುಮ್ನೆ ಅಲ್ಲ.

ಪಾಸ್ಟರ್ ಮಗಳು
ಕಹಳೆ ಬ್ರದರ್, ವಂದನೆಗಳು. ನಾನು ಕೊಪ್ಪಳದವಳು, ಅಪ್ಪ ನಲವತ್ತು ವರ್ಷ ಸಭೆ ನಡೆಸಿದವರು. ನೀವು ಹೇಳಿದ ವಚನಗಳು ಸರಿ. ಆದರೆ ಅದೇ ಮತ್ತಾಯ 24ರ 36ನೇ ವಚನ ಬಿಟ್ಟಿರಿ. ಆ ದಿನ, ಆ ಗಳಿಗೆ ತಂದೆಗೆ ಬಿಟ್ಟು ಬೇರೆ ಯಾರಿಗೂ ಗೊತ್ತಿಲ್ಲ. ದೂತರಿಗೂ ಇಲ್ಲ. ಮಾರ್ಕ 13ರಲ್ಲಿ ಮಗನಿಗೂ ಇಲ್ಲ ಅಂತ ಬಿಡಿಸಿ ಬರೆದಿದೆ. ದೂತರಿಗೆ ಗೊತ್ತಿಲ್ಲದ್ದು ಆ ವಿಡಿಯೋದವರಿಗೆ ಹೇಗೆ ಗೊತ್ತಾಯಿತು?

1948ರ ಲೆಕ್ಕ ನಮ್ಮ ಮನೆಯಲ್ಲೂ ಓಡಿತ್ತು. ಇಸ್ರೇಲ್ ಆದ ಒಂದು ತಲೆಮಾರಿನೊಳಗೆ ಅಂತ್ಯ ಅಂತ. ಒಂದು ತಲೆಮಾರು ಅಂದರೆ 40 ವರ್ಷ, 48ಕ್ಕೆ 40 ಸೇರಿಸಿದರೆ 1988. ಆ ವರ್ಷ ಯೇಸು ಸ್ವಾಮಿಯ ಎರಡನೇ ಬರೋಣ ಅಂತ ಜಗತ್ತಿನ ತುಂಬ ಎಷ್ಟೋ ಜನ ಕಾದರು. ನಮ್ಮ ಅತ್ತೆಯೊಬ್ಬರು ಆ ವರ್ಷ ಉಪ್ಪಿನಕಾಯಿ ಹಾಕಲಿಲ್ಲ. 1989ರ ಬೇಸಿಗೆಯಲ್ಲಿ ಪಕ್ಕದ ಮನೆಯಿಂದ ಇಸ್ಕೊಂಡು ಊಟ ಮಾಡಿದರು.

ಮಿರ್ಚಿ ಮಂಡಕ್ಕಿ
ಉಪ್ಪಿನಕಾಯಿ ಇಲ್ಲದ ಒಂದು ವರ್ಷ! ಅದೇ ಮಹಾ ಸಂಕಟಕಾಲ.

ಗೊರವಯ್ಯನ ಮೊಮ್ಮಗ
ನಾನು ಹಡಗಲಿ ಕಡೆಯವನು. ಮೊದಲು ಬಳ್ಳಾರಿ ಜಿಲ್ಲೆ, 2021ರಿಂದ ವಿಜಯನಗರ. ನಮ್ಮ ಮೈಲಾರ ಜಾತ್ರೆಯ ಕಾರ್ಣಿಕ, ಅಂದರೆ ವರ್ಷದ ಭವಿಷ್ಯವಾಣಿ, ನೋಡಿದ್ದೀರಾ? ಗೊರವಯ್ಯ ಉಪವಾಸ ಇದ್ದು ಬಿಲ್ಲು ಏರುತ್ತಾರೆ. "ಸದ್ದಲೇ" ಅಂದರೆ ಲಕ್ಷಾಂತರ ಜನ ಉಸಿರು ಹಿಡಿದು ನಿಲ್ಲುತ್ತಾರೆ. ಒಂದೇ ಸಾಲು ಹೇಳಿ ಮೇಲಿಂದ ಬೀಳುತ್ತಾರೆ, ಕೆಳಗಿದ್ದವರು ಹಿಡಿಯುತ್ತಾರೆ. ಅಷ್ಟೇ. ಸಂಜೆಯೊಳಗೆ ಒಬ್ಬ ಮಳೆ ಚೆನ್ನಾಗಿ ಆಗುತ್ತೆ ಅಂತಾನೆ, ಇನ್ನೊಬ್ಬ ಸರ್ಕಾರ ಬೀಳುತ್ತೆ ಅಂತಾನೆ, ಮತ್ತೊಬ್ಬ ಮೆಣಸಿನಕಾಯಿ ರೇಟು ಏರುತ್ತೆ ಅಂತಾನೆ. ನನ್ನ ತಾತ ಹೇಳೋರು, ಕಾರ್ಣಿಕ ಹೇಳೋನು ಬಿಲ್ಲಿನಿಂದ ಬೀಳ್ತಾನೆ, ಅರ್ಥ ಹೇಳೋನು ಯಾವತ್ತೂ ಬೀಳಲ್ಲ ಅಂತ.

ನಿಮ್ಮ ಪ್ರಕಟನೆ ಪುಸ್ತಕಕ್ಕೂ ಇದೇ ಗತಿ ಆಗಿದೆ ಅನಿಸುತ್ತೆ.

ಹಳೇ ಮೇಷ್ಟ್ರು
ತಾತನ ಮಾತು ಬರೆದಿಟ್ಟುಕೊಂಡೆ.

ನಾನು ಬಳ್ಳಾರಿಯಲ್ಲಿ ಮೂವತ್ತು ವರ್ಷ ಇತಿಹಾಸ ಪಾಠ ಮಾಡಿದವನು. ಕ್ರೈಸ್ತನಲ್ಲ. ಆದರೆ ಈ ಪುಸ್ತಕಗಳ ಮೇಲೆ ಮೊದಲಿಂದ ಆಸೆ. ಒಂದು ವಿಷಯ ಹೇಳಲೇಬೇಕು, ಕನ್ನಡದಲ್ಲಿ ಸತ್ಯವೇದ ಆದದ್ದು ನಮ್ಮೂರಲ್ಲಿ. ಜಾನ್ ಹ್ಯಾಂಡ್ಸ್ ಎಂಬ ಪಾದ್ರಿ 1810ರಲ್ಲಿ ಬಳ್ಳಾರಿಗೆ ಬಂದು ಕನ್ನಡ ಕಲಿತು ಅನುವಾದಕ್ಕೆ ಕೂತರು. ಇಡೀ ಪುಸ್ತಕ ಹೊರಬಂದದ್ದು 1831ರಲ್ಲಿ. ಜೊತೆಗಿದ್ದ ವಿಲಿಯಂ ರೀವ್ ಕನ್ನಡ ನಿಘಂಟನ್ನೂ ಮಾಡಿದರು. ಅಂದರೆ ಮೃಗ, ಕೊಂಬು, ಮುದ್ರೆ ಎಲ್ಲವೂ ಕನ್ನಡಕ್ಕೆ ಇಳಿದದ್ದು ಕೋಟೆ ಗುಡ್ಡದ ಕೆಳಗೇ.

ಈಗ ಸತ್ಯವೇದದ ದಾನಿಯೇಲ ಪುಸ್ತಕ. 8ನೇ ಅಧ್ಯಾಯದಲ್ಲಿ ಒಂದು ಟಗರು, ಒಂದು ಹೋತ. ಇದಕ್ಕೆ ವಿಡಿಯೋ ಬೇಕಿಲ್ಲ, ಪುಸ್ತಕವೇ ಅರ್ಥ ಹೇಳುತ್ತೆ. ಟಗರು ಮೇದ್ಯ ಪಾರಸಿಯ, ಹೋತ ಗ್ರೀಸ್. ಹೋತದ ದೊಡ್ಡ ಕೊಂಬು ಮುರಿದು ನಾಲ್ಕು ಕೊಂಬು ಬರುತ್ತವೆ. ಅಲೆಕ್ಸಾಂಡರ್ ಸತ್ತ ಮೇಲೆ ರಾಜ್ಯ ಒಡೆದ ಹಾಗೆಯೇ. ಅದರಲ್ಲೊಂದರಿಂದ ಚಿಕ್ಕ ಕೊಂಬು ಮೊಳೆತು ದೇವಾಲಯವನ್ನು ಹೊಲಸು ಮಾಡುತ್ತೆ. ಹೆಚ್ಚಿನ ವಿದ್ವಾಂಸರಿಗೆ ಆ ಕೊಂಬು ನಾಲ್ಕನೇ ಆಂಟಿಯೋಕಸ್. ಸಿರಿಯದಿಂದ ಆಳಿದ ಗ್ರೀಕ್ ರಾಜ, ಕ್ರಿಸ್ತಪೂರ್ವ 175ರಿಂದ 164. ತನ್ನ ಹೆಸರಿಗೆ "ಎಪಿಫನೇಸ್", ಅಂದರೆ ಪ್ರತ್ಯಕ್ಷವಾದ ದೇವರು, ಎಂಬ ಬಿರುದು ಸೇರಿಸಿಕೊಂಡ. ಜನ ಅದನ್ನೇ ತಿರುಚಿ "ಎಪಿಮನೇಸ್" ಅಂದರು, ಅಂದರೆ ಹುಚ್ಚ. 167ರಲ್ಲಿ ಯೆರೂಸಲೇಮಿನ ದೇವಾಲಯದಲ್ಲಿ ಬೇರೆ ದೇವರ ಪೀಠ ಹೂಡಿದ. ಮೂರು ವರ್ಷಕ್ಕೆ ಯೂದ ಮಕ್ಕಬಿಯನ ಕಡೆಯವರು ಗೆದ್ದು ದೇವಾಲಯ ಶುದ್ಧ ಮಾಡಿದರು. ಯೆಹೂದಿಗಳ ಹನುಕ್ಕ ಹಬ್ಬ ಅದರ ನೆನಪು.

ಇದು ಆಗಿಹೋದ ಕಥೆ, ಮುಂದೆ ಬರೋದಲ್ಲ.

ಎಚ್ಚರಿಕೆಯ ಕಹಳೆ
ಮೇಷ್ಟ್ರೇ, ತಪ್ಪು ತಿಳಿಯಬೇಡಿ. ಆಂಟಿಯೋಕಸ್ ಸತ್ತು ಸುಮಾರು ಇನ್ನೂರು ವರ್ಷ ಆದ ಮೇಲೆ ಯೇಸು ಸ್ವಾಮಿ ಎಣ್ಣೇಮರಗಳ ಗುಡ್ಡದ ಮೇಲೆ ಕೂತು, ದಾನಿಯೇಲನು ಹೇಳಿದ, ದೇವಾಲಯವನ್ನು ಹೊಲಸು ಮಾಡುವ ಆ "ಹಾಳುಮಾಡುವ ಅಸಹ್ಯ"ವನ್ನು ನೀವು ನೋಡುವಾಗ ಓಡಿಹೋಗಿ ಅಂದರು. ನೋಡಿದಿರಿ ಅಂದಿಲ್ಲ, ನೋಡುವಾಗ ಅಂದರು. ಆಗಿಹೋಗಿದ್ದರೆ ಮುಂದೆ ಬರುತ್ತೆ ಅಂತ ಯಾಕೆ ಹೇಳಿದರು?

ಹಳೇ ಮೇಷ್ಟ್ರು
ಒಳ್ಳೆ ಪೆಟ್ಟು. ಒಪ್ಪಿದೆ. "ಆಗಿಹೋದ ಕಥೆ" ಅಂತ ಅಷ್ಟು ಗಟ್ಟಿಯಾಗಿ ಹೇಳಬಾರದಿತ್ತು. ಅಚ್ಚು ಒಂದೇ, ಬೆಲ್ಲ ಬೇರೆ ಬೇರೆ ಅಂತ ಇಟ್ಟುಕೊಳ್ಳಿ. ಕ್ರಿಸ್ತಶಕ 40ರಲ್ಲಿ ಚಕ್ರವರ್ತಿ ಕ್ಯಾಲಿಗುಲ ತನ್ನದೇ ವಿಗ್ರಹವನ್ನು ಅದೇ ದೇವಾಲಯದಲ್ಲಿ ನಿಲ್ಲಿಸಲು ಅಪ್ಪಣೆ ಮಾಡಿದ. ಸಿರಿಯದ ಅಧಿಕಾರಿ ಪೆಟ್ರೋನಿಯಸ್ ಬೇಕಂತಲೇ ತಡ ಮಾಡಿದ. ಅಷ್ಟರಲ್ಲಿ, 41ರ ಜನವರಿಯಲ್ಲಿ, ಕ್ಯಾಲಿಗುಲನ ಕೊಲೆ ಆಯಿತು. 70ರಲ್ಲಿ ಟೈಟಸ್‌ನ ಸೈನ್ಯ ದೇವಾಲಯವನ್ನೇ ಸುಟ್ಟಿತು. ತಾನೇ ದೇವರು ಅನ್ನುವ ದೊರೆ ಒಬ್ಬನೇ ಅಲ್ಲ, ಸಾಲುಸಾಲಾಗಿ ಬಂದಿದ್ದಾರೆ.

ಪಾಸ್ಟರ್ ಮಗಳು
ಯೋಹಾನನ ಪತ್ರವೂ ಅದನ್ನೇ ಹೇಳುತ್ತೆ ಮೇಷ್ಟ್ರೇ. ಜಾಸ್ತಿ ಜನಕ್ಕೆ ಗೊತ್ತಿಲ್ಲ, "ಕ್ರಿಸ್ತವಿರೋಧಿ" ಅನ್ನುವ ಮಾತು ಪ್ರಕಟನೆ ಪುಸ್ತಕದಲ್ಲಿ ಒಂದು ಸಲವೂ ಬರಲ್ಲ. ದಾನಿಯೇಲದಲ್ಲೂ ಇಲ್ಲ. ಇರುವುದು 1 ಯೋಹಾನ ಮತ್ತು 2 ಯೋಹಾನದಲ್ಲಿ ಮಾತ್ರ, ನಾಲ್ಕೇ ವಚನ. ಅಲ್ಲಿಯೂ ಏನಂತೆ? ಈಗಲೇ ಬಹಳ ಮಂದಿ ಕ್ರಿಸ್ತವಿರೋಧಿಗಳು ಎದ್ದಿದ್ದಾರೆ, ನಮ್ಮೊಳಗಿಂದಲೇ ಹೊರಟರು ಅಂತ. ಯಾವುದೋ ದೇಶದ ಅರಮನೆಯಲ್ಲಿ ಹುಡುಕಬೇಕಾಗಿಲ್ಲ. ಸಭೆಯ ಬೆಂಚಿನ ಮೇಲೆ ಕೂತವರನ್ನೇ ನೋಡು ಅನ್ನುತ್ತಾನೆ ಯೋಹಾನ.

ಜೀನ್ಸ್ ಹೊಲಿಯೋನು
ಪ್ರಕಟನೆಯಲ್ಲಿ ಹೇಳಿದ ಮೃಗದ ಅಂಕಿ 666 ಬಗ್ಗೆ ಯಾರೂ ಮಾತಾಡಲಿಲ್ಲ ಯಾಕೆ? ನಾನು ಬಳ್ಳಾರಿಯಲ್ಲಿ ಜೀನ್ಸ್ ಯೂನಿಟ್‌ನಲ್ಲಿ ಇದ್ದೇನೆ. ಪ್ರತಿ ಬಾರ್‌ಕೋಡಿನಲ್ಲೂ 666 ಅಡಗಿದೆ ಅಂತ ಒಬ್ಬರು ಹೆದರಿಸಿದ್ದರು. ದಿನಕ್ಕೆ ಸಾವಿರ ಪ್ಯಾಂಟಿಗೆ ಆ ಸ್ಟಿಕ್ಕರ್ ಅಂಟಿಸುತ್ತೇನೆ. ನನ್ನ ಲೆಕ್ಕಕ್ಕೆ ನಾನು ಎಷ್ಟನೇ ನರಕ?

ಮಿರ್ಚಿ ಮಂಡಕ್ಕಿ
ನಿನಗೆ ಪೀಸ್ ರೇಟು ತಮ್ಮ.

ಹಳೇ ಮೇಷ್ಟ್ರು
666ಕ್ಕೆ ನಮ್ಮ ಸಂಗೀತಗಾರರ ಕಟಪಯಾದಿ ನೆನೆಸಿಕೊಳ್ಳಿ. ಅಕ್ಷರಕ್ಕೆ ಒಂದೊಂದು ಅಂಕಿ. ಮೇಚಕಲ್ಯಾಣಿ ಅಂದರೆ ಮ 5, ಚ 6, ತಿರುಗಿಸಿದರೆ 65ನೇ ಮೇಳಕರ್ತ ರಾಗ. ಹೀಬ್ರೂ ಅಕ್ಷರಗಳಿಗೂ ಹಾಗೇ ಬೆಲೆ ಇದೆ, ಅಲ್ಲಿ ಎಲ್ಲ ಕೂಡಬೇಕು. "ನೀರೋನ್ ಕೈಸರ್" ಅಂತ ಹೀಬ್ರೂವಿನಲ್ಲಿ ಬರೆದು ಕೂಡಿದರೆ 666. ಕೊನೆಯ "ನ್" ಬಿಟ್ಟು "ನೀರೋ ಕೈಸರ್" ಅಂದರೆ 50 ಕಡಿಮೆ, 616. ಸೋಜಿಗ ಏನೆಂದರೆ ಪ್ರಕಟನೆಯ ಕೆಲವು ಹಳೆಯ ಪ್ರತಿಗಳಲ್ಲಿ 616 ಅಂತಲೇ ಇದೆ. ನೀರೋ ಆಳಿದ್ದು 54ರಿಂದ 68. ಕ್ರೈಸ್ತರನ್ನು ಹಿಂಸಿಸಿದ ಮೊದಲ ರೋಮ್ ಚಕ್ರವರ್ತಿ. ಅವನ ಹೆಸರು ಬಾಯಿಬಿಟ್ಟು ಹೇಳಿದರೆ ತಲೆ ಹೋಗುವ ಕಾಲ. ಅಂಕಿಯಲ್ಲಿ ಹೇಳಿದರೆ ತಿಳಿಯುವವರಿಗೆ ತಿಳಿಯುತ್ತೆ.

ಎರಡನೇ ಶತಮಾನದಲ್ಲೇ ಇರೆನೇಯಸ್ ಎಂಬ ಬಿಷಪ್ ಈ ಅಂಕಿಗೆ ಹೆಸರು ಹೊಂದಿಸುವ ಚಟದ ಬಗ್ಗೆ ಎಚ್ಚರಿಸಿದ್ದಾರೆ. ಹೊಂದುವ ಹೆಸರು ಬೇಕಾದಷ್ಟು ಸಿಗುತ್ತವೆ, ಸುಮ್ಮನೆ ಕಾಯೋದು ವಾಸಿ ಅಂತ. ಯಾರು ಕೇಳಿದರು! ಪೋಪ್, ನೆಪೋಲಿಯನ್, ಹಿಟ್ಲರ್, ಮುಸೊಲಿನಿ ಎಲ್ಲರನ್ನೂ ಆ ಪಟ್ಟಿಗೆ ಸೇರಿಸಿದ್ದಾಯಿತು.

ಸಂಡೂರು ಅಕ್ಕ
ಪೋಪ್ ಹೆಸರನ್ನು ಹಿಟ್ಲರ್ ಪಕ್ಕ ಬರೆದದ್ದು ನೋಡಿ ಬೇಜಾರಾಯಿತು. ನಾವು ಕ್ಯಾಥೊಲಿಕರು. ನನ್ನ ಮದುವೆಯ ಸಮಯದಲ್ಲಿ ಗಂಡನ ಕಡೆಯ ಒಬ್ಬರು ನಮ್ಮ ದೇವಾಲಯಕ್ಕೆ ಕಾಲಿಡಲಿಲ್ಲ, "ಮೃಗದ ಮನೆ" ಅಂದರು. ಊಟಕ್ಕೆ ಮಾತ್ರ ಬಂದರು.

ಹಳೇ ಮೇಷ್ಟ್ರು
ಅಕ್ಕ, ಅದು ನನ್ನ ಅಭಿಪ್ರಾಯ ಅಲ್ಲ. ಪೋಪ್ ವಿರುದ್ಧ ಎದ್ದ ಲೂಥರ್ ಕಾಲದಲ್ಲಿ ಹಾಗೆ ಬೈದಾಡಿದರು ಅನ್ನೋದು ಇತಿಹಾಸ. ನಿಮಗೆ ನೋವಾಗಿದ್ದರೆ ಕ್ಷಮಿಸಿ.

ಸಂಡೂರು ಅಕ್ಕ
ಪರವಾಗಿಲ್ಲ ಸರ್. ನಮ್ಮ ಧರ್ಮೋಪದೇಶ ಗ್ರಂಥ, 1992ರಲ್ಲಿ ಬಂದದ್ದು, ಅದರ 675ನೇ ಪ್ಯಾರಾದಲ್ಲಿ ಕಡೇ ಮೋಸದ ಮಾತಿದೆ. ಜನರ ಕಷ್ಟಗಳಿಗೆಲ್ಲ ಥಟ್ ಅಂತ ಪರಿಹಾರ ತೋರಿಸಿ, ಬದಲಿಗೆ ಸತ್ಯ ಬಿಟ್ಟುಕೊಡಿ ಅನ್ನುವ ಮೋಸ ಅಂತ. ನನಗೆ ಅದು ಕೊಂಬು, ಬಾಲಕ್ಕಿಂತ ಜಾಸ್ತಿ ಹೆದರಿಕೆ ಆಗುವ ಮಾತು.

ನೋಟರಿ ಪಕ್ಕದ ಬೆಂಚು
ಪ್ರವಾದನೆ ಇರಲಿ. ಆ ಹೊಲ ಯಾರ ಹೆಸರಲ್ಲಿದೆ?

ಕೌಲ್‌ಬಜಾರ್ ಹುಡುಗ
ಪಹಣಿ ದೊಡ್ಡಪ್ಪನ ಒಬ್ಬರ ಹೆಸರಲ್ಲೇ ಇದೆ. ತಾತನಿಂದ ಬಂದದ್ದು.

ಗಂಗಾವತಿ ಸೋನಾ
ಹಾಗಿದ್ದರೆ ಚಿಂತೆ ಇಲ್ಲ. ಪಿತ್ರಾರ್ಜಿತ ಅಲ್ವಾ, ಮಕ್ಕಳ ಸಹಿ ಇಲ್ಲದೆ ಮಾರೋಕೆ ಬರಲ್ಲ.

ನೋಟರಿ ಪಕ್ಕದ ಬೆಂಚು
ಸೋನಾ ಅಣ್ಣ, ತಪ್ಪು ಹೇಳಿ ಧೈರ್ಯ ತುಂಬಬೇಡಿ. ಅದು ಹಿಂದೂ ಅವಿಭಕ್ತ ಕುಟುಂಬದ ಲೆಕ್ಕ. ಕ್ರೈಸ್ತರಿಗೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ. ಅದರಲ್ಲಿ ಹುಟ್ಟಿನಿಂದ ಬರುವ ಹಕ್ಕು ಇಲ್ಲ. ತಾತನ ಪಾಲು ಸರಿಯಾಗಿ ಹಂಚಿಕೆಯಾಗಿ ದೊಡ್ಡಪ್ಪನಿಗೆ ಬಂದಿದ್ದರೆ, ಅವರು ಬದುಕಿರುವವರೆಗೆ ಅವರದ್ದೇ. ಮಾರಬಹುದು. ತಾತ ತೀರಿದಾಗ ನಿಮ್ಮಪ್ಪನ ಪಾಲು ಏನಾಯಿತು ಅಂತ ಮಾತ್ರ ಕೇಳಿಕೊಳ್ಳಿ. ಯಾವುದಕ್ಕೂ ಊರಿನ ವಕೀಲರಿಗೆ ಕಾಗದ ತೋರಿಸಿ. ಅಡ್ವಾನ್ಸ್ ತಗೊಂಡು ಅಗ್ರಿಮೆಂಟಿಗೆ ಸಹಿ ಬಿದ್ದರೆ ಆಮೇಲೆ ಕಷ್ಟ.

ಕೌಲ್‌ಬಜಾರ್ ಹುಡುಗ
ಅಡ್ವಾನ್ಸ್ ಇನ್ನೂ ತಗೊಂಡಿಲ್ಲ. ಇದು ಕೇಳಿ ಇನ್ನೂ ಹೆದರಿಕೆ ಆಯಿತು.

ಪಾಸ್ಟರ್ ಮಗಳು
ತಮ್ಮ, ಸುಳ್ಳು ದೊರೆಯ ವಿಷಯಕ್ಕೆ ನಮ್ಮಪ್ಪ ಯಾವಾಗಲೂ ಪ್ರಕಟನೆ ತೆಗೆಯುತ್ತಿರಲಿಲ್ಲ. ನ್ಯಾಯಸ್ಥಾಪಕರು 9 ತೆಗೆಯೋರು. ಅಬೀಮೆಲೆಕ ಅಂತ ಒಬ್ಬ, ತನ್ನ ಎಪ್ಪತ್ತು ಜನ ಅಣ್ಣತಮ್ಮಂದಿರನ್ನು ಒಂದೇ ಕಲ್ಲಿನ ಮೇಲೆ ಕೊಂದು ರಾಜ ಆಗುತ್ತಾನೆ. ತಪ್ಪಿಸಿಕೊಂಡ ಕಿರಿಯವನು ಯೋತಾಮ ಬೆಟ್ಟ ಹತ್ತಿ ಒಂದು ಕಥೆ ಕೂಗುತ್ತಾನೆ. ಮರಗಳಿಗೆಲ್ಲ ಒಬ್ಬ ರಾಜ ಬೇಕಾಯಿತಂತೆ. ಎಣ್ಣೇಮರವನ್ನು ಕೇಳಿದವು. ನನ್ನ ಎಣ್ಣೆ ಬಿಟ್ಟು ಬರಲಾ ಅಂತು. ಅಂಜೂರ ನನ್ನ ಸಿಹಿ ಬಿಟ್ಟು ಬರಲಾ ಅಂತು. ದ್ರಾಕ್ಷಿಯೂ ಒಲ್ಲೆ ಅಂತು. ಕೊನೆಗೆ ಮುಳ್ಳುಗಿಡವನ್ನು ಕೇಳಿದವು. ಅದು ತಕ್ಷಣ ಒಪ್ಪಿತು! "ಬನ್ನಿ, ನನ್ನ ನೆರಳಲ್ಲಿ ಕೂತ್ಕೊಳ್ಳಿ" ಅಂತು. ಬರದಿದ್ದರೆ ನನ್ನಿಂದ ಬೆಂಕಿ ಹೊರಟು ನಿಮ್ಮನ್ನೆಲ್ಲ ಸುಡುತ್ತೆ ಅಂತಲೂ ಅಂತು.

ಅಪ್ಪ ಇಲ್ಲಿ ನಿಲ್ಲಿಸಿ ಕೇಳೋರು: "ಬಳ್ಳಾರಿ ಜಾಲಿ ಕೆಳಗೆ ಯಾರಾದರೂ ನೆರಳಿಗೆ ಕೂತಿದ್ದೀರಾ?" ಸಭೆಯೆಲ್ಲ ನಗೋದು. ಕೈಯಲ್ಲಿ ಕೆಲಸ ಇದ್ದವರು ಗದ್ದುಗೆ ಬೇಡ ಅಂದರು, ಏನೂ ಇಲ್ಲದವನು ನೆರಳಿನ ಆಸೆ ತೋರಿಸಿದ, ಜೊತೆಗೇ ಬೆಂಕಿಯ ಹೆದರಿಕೆ ಹಾಕಿದ. ನಿಮ್ಮ ದೊಡ್ಡಪ್ಪನ ಬೋಧಕರು ಮಾಡುತ್ತಿರುವುದೂ ಇದೇ ಅಲ್ವಾ, ಒಂದು ಕೈಯಲ್ಲಿ ನೆರಳು, ಇನ್ನೊಂದು ಕೈಯಲ್ಲಿ ಬೆಂಕಿ.

ಮಿರ್ಚಿ ಮಂಡಕ್ಕಿ
ಅಬೀಮೆಲೆಕ ಏನಾದ?

ಪಾಸ್ಟರ್ ಮಗಳು
ಒಂದು ಬುರುಜು ಮುತ್ತಿದಾಗ ಮೇಲಿಂದ ಒಬ್ಬ ಹೆಂಗಸು ಬೀಸುವ ಕಲ್ಲು ಎತ್ತಿ ತಲೆ ಮೇಲೆ ಹಾಕಿದಳು. ಹೆಂಗಸಿನ ಕೈಯಲ್ಲಿ ಸತ್ತ ಅನಿಸಿಕೊಳ್ಳೋಕೆ ನಾಚಿಕೆಯಾಗಿ ತನ್ನ ಆಳಿಗೆ ಕತ್ತಿಯಿಂದ ತಿವಿ ಅಂದ. ಆದರೂ ಹೆಂಗಸಿನ ಕಥೆಯೇ ಉಳಿಯಿತು.

ಕುಷ್ಟಗಿ ಕೆಂಪು ಮಣ್ಣು
ಬಳ್ಳಾರಿ ಜಾಲಿಗೆ ಸುಮ್ನೆ ಬೈಬೇಡಿ. ಬರ ಬಿದ್ದ ವರ್ಷ ಅದನ್ನೇ ಕಡಿದು ಇದ್ದಿಲು ಸುಟ್ಟು ಮನೆ ನಡೆಸಿದವರು ನಾವು.

ಹಳೇ ಮೇಷ್ಟ್ರು
ಅದು ನಮ್ಮೂರ ಗಿಡವೂ ಅಲ್ಲ. ಅಮೆರಿಕ ಖಂಡದ ಗಿಡ. ಬಂದು ನಮ್ಮ ಹೆಸರು ಇಟ್ಟುಕೊಂಡು ಎಲ್ಲ ಕಡೆ ಆಳುತ್ತಿದೆ. ಸುಳ್ಳು ದೊರೆಗೆ ಇದಕ್ಕಿಂತ ಒಳ್ಳೆ ಹೋಲಿಕೆ ಸಿಗಲ್ಲ. ಇದ್ದಿಲಿನ ಮಾತು ಒಪ್ಪುತ್ತೇನೆ.

ನಿರ್ವಾಹಕರು
ಜಾಲಿ ಗಿಡಕ್ಕೆ ಬೇರೆ ಚರ್ಚೆ ಶುರು ಮಾಡಿ. ಇಲ್ಲಿ ಹುಡುಗನ ದೊಡ್ಡಪ್ಪನ ವಿಷಯ ನಡೆಯುತ್ತಿದೆ.

ತೀನ್ ಕಂದೀಲ್
ರಾಯಚೂರಿನಿಂದ ಸಲಾಂ. ನಮ್ಮಲ್ಲೂ ಇದೇ ಕಥೆ ಇದೆ, ಹೆಸರು ದಜ್ಜಾಲ್. ಒಂದು ಕಣ್ಣು ಕುರುಡು. ಅವನ ಹಣೆಯ ಮೇಲೆ ಕಾಫಿರ್ ಅಂತ ಬರೆದಿರುತ್ತೆ, ಓದು ಬಾರದ ಮೋಮಿನ್ (ನಂಬಿಕೆಯವನು) ಕೂಡ ಅದನ್ನು ಓದುತ್ತಾನೆ ಅಂತ ಹದೀಸ್, ಅಂದರೆ ಪ್ರವಾದಿಯವರ ಮಾತು. ಅವನನ್ನು ಕೊಲ್ಲೋಕೆ ಇಳಿದು ಬರುವುದು ಹಜರತ್ ಈಸಾ, ಅಂದರೆ ನಿಮ್ಮ ಯೇಸು ಸ್ವಾಮಿಯೇ. ಚಿಕ್ಕವನಿದ್ದಾಗ ದಾದಿ ಈ ಕಥೆ ಹೇಳಿದರೆ ರಾತ್ರಿ ಎದ್ದು ಹೊರಗೆ ಹೋಗಲು ಹೆದರುತ್ತಿದ್ದೆ.

ಆದರೆ ಅದೇ ದಾದಿ ಇನ್ನೊಂದು ಹದೀಸ್ ಹೇಳೋರು. ನಿನ್ನ ಕೈಯಲ್ಲಿ ಖರ್ಜೂರದ ಸಸಿ ಇದೆ, ಅಷ್ಟರಲ್ಲಿ ಕಯಾಮತ್, ಅಂದರೆ ಕಡೇ ದಿನ, ಬಂತು. ನೆಡೋಕೆ ಆಗುತ್ತೆ ಅಂದರೆ ನೆಟ್ಟುಬಿಡು. ದೊಡ್ಡಪ್ಪನಿಗೆ ಇದನ್ನು ಹೇಳಿ ಭಾಯ್. ಹೊಲ ಮಾರು ಅಂತ ಎಲ್ಲೂ ಇಲ್ಲ.

ಗಂಗಾವತಿ ಸೋನಾ
ಆಹಾ.

ಎಚ್ಚರಿಕೆಯ ಕಹಳೆ
ತೀನ್ ಕಂದೀಲ್ ಅವರೇ, ಒಳ್ಳೆ ಮಾತು. ಆದರೆ ಅದಕ್ಕೆ ನಾವು ಹೊರಗೆ ಹೋಗಬೇಕಾಗಿಲ್ಲ. ಎರಡು ದಿನದಿಂದ ಪ್ರಾರ್ಥನೆ ಮಾಡಿ ಬರೆಯುತ್ತಿದ್ದೇನೆ.

ಮೊದಲು ಒಂದು ಮಾತು ಸ್ಪಷ್ಟ ಮಾಡುತ್ತೇನೆ. ಕ್ರಿಸ್ತವಿರೋಧಿ ಬರುತ್ತಾನೆ ಅಂತ ನಾನು ನಂಬುತ್ತೇನೆ. ಮೇಷ್ಟ್ರು ನೂರು ನೀರೋ ತೋರಿಸಿದರೂ ನಂಬುತ್ತೇನೆ. ಆದರೆ ವರ್ಷ ಹೇಳುವವರನ್ನು ನಾನು ಒಪ್ಪಲ್ಲ. ಸತ್ಯವೇದದ ಧರ್ಮೋಪದೇಶಕಾಂಡ 18ರಲ್ಲಿ ಅಳತೆ ಇದೆ. ಕರ್ತನ ಹೆಸರಿನಲ್ಲಿ ಹೇಳಿದ್ದು ನಡೆಯದಿದ್ದರೆ ಅವನು ಹೆಮ್ಮೆಯಿಂದ ಹೇಳಿದ, ಅವನಿಗೆ ಹೆದರಬೇಡ ಅಂತ. ನಾನೇ 2011ರಲ್ಲಿ ಮೋಸಹೋಗಿದ್ದೆ. ಅಮೆರಿಕದ ಹೆರಾಲ್ಡ್ ಕ್ಯಾಂಪಿಂಗ್ ಎಂಬ ರೇಡಿಯೋ ಬೋಧಕರು ಮೇ 21 ಅಂದರು. ಅದು ಹೋಯಿತು, ಅಕ್ಟೋಬರ್ 21 ಅಂದರು. ಅದೂ ಹೋಯಿತು. ಮೇ 22ರ ಬೆಳಿಗ್ಗೆ ನಾನು ಎದ್ದು ಹಾಲಿಗೆ ಹೋದೆ. ಅಷ್ಟು ನಾಚಿಕೆ ಯಾವತ್ತೂ ಆಗಿರಲಿಲ್ಲ. ಇದನ್ನು ಇದುವರೆಗೆ ಯಾರಿಗೂ ಹೇಳಿರಲಿಲ್ಲ.

ಈಗ ಹೊಲದ ವಿಷಯ. ಯೆರೆಮೀಯ 32 ತೆಗೆಯಿರಿ. ಬಾಬೆಲಿನ ಸೈನ್ಯ ಯೆರೂಸಲೇಮನ್ನು ಸುತ್ತುಗಟ್ಟಿದೆ. ಪಟ್ಟಣ ಬೀಳುತ್ತೆ ಅಂತ ಹೇಳಿದ್ದು ಯೆರೆಮೀಯನೇ, ಅದಕ್ಕೇ ಅವನನ್ನು ಸೆರೆಮನೆಯ ಅಂಗಳದಲ್ಲಿ ಇಟ್ಟಿದ್ದಾರೆ. ಆಗ ಚಿಕ್ಕಪ್ಪನ ಮಗ ಬಂದು ಅನಾತೋತ್‌ನ ಹೊಲ ಕೊಂಡುಕೋ ಅನ್ನುತ್ತಾನೆ. ಶತ್ರು ಬೀಡುಬಿಟ್ಟ ನೆಲ! ಯೆರೆಮೀಯ 17 ಶೆಕೆಲ್ ಬೆಳ್ಳಿ ತೂಗಿ ಕೊಂಡುಕೊಂಡ. ಸಾಕ್ಷಿ ಹಾಕಿಸಿದ, ಕ್ರಯಪತ್ರಕ್ಕೆ ಮುದ್ರೆ ಒತ್ತಿಸಿದ. ಬಹಳ ದಿನ ಉಳಿಯಲಿ ಅಂತ ಮಣ್ಣಿನ ಮಡಕೆಯಲ್ಲಿ ಇಡಿಸಿದ. ಮುಂದೆ ಈ ದೇಶದಲ್ಲಿ ಮತ್ತೆ ಮನೆ, ಹೊಲ, ದ್ರಾಕ್ಷಿತೋಟ ಕೊಳ್ಳುತ್ತಾರೆ ಅಂತ ದೇವರ ಮಾತು. ಅಂತ್ಯ ಬಂತು ಅಂತ ಖಂಡಿತವಾಗಿ ಗೊತ್ತಿದ್ದವನು ಹೊಲ ಮಾರಲಿಲ್ಲ, ಕೊಂಡ.

ಇನ್ನೊಂದು, 2 ಥೆಸಲೋನಿಕ. 2ನೇ ಅಧ್ಯಾಯದಲ್ಲಿ ಅಧರ್ಮಸ್ವರೂಪನ ಮಾತು ಮುಗಿಸಿ 3ನೇ ಅಧ್ಯಾಯದಲ್ಲಿ ಪೌಲ ಏನು ಹೇಳುತ್ತಾನೆ? ಕೆಲಸ ಮಾಡಲೊಲ್ಲದವನು ಊಟವನ್ನೂ ಮಾಡಬಾರದು ಅಂತ.

ಬ್ರದರ್, ದೊಡ್ಡಪ್ಪನವರು ಮೇಷ್ಟ್ರ ಮಾತು ಕೇಳಲ್ಲ. ನನ್ನಂಥವರ ಮಾತು ಕೇಳುತ್ತಾರೆ. ಕ್ರಿಸ್ತವಿರೋಧಿ ಇಲ್ಲ ಅನ್ನಬೇಡಿ. ಬರಲಿ, ಆದರೆ ಬರುವಾಗ ನೀವು ಹೊಲದಲ್ಲಿ ಇರಿ ಅನ್ನಿ.

ಪಾಸ್ಟರ್ ಮಗಳು
ಕಹಳೆ ಬ್ರದರ್, ನಿಮಗೆ ದೊಡ್ಡ ವಂದನೆ. ಮೇ 22ರ ಹಾಲಿನ ಮಾತಿಗೂ ಸೇರಿಸಿ.

ಹಳೇ ಮೇಷ್ಟ್ರು
ನೀವೊಬ್ಬರೇ ಅಲ್ಲ ಕಹಳೆಯವರೇ. 1844ರ ಅಕ್ಟೋಬರ್ 22ಕ್ಕೆ ವಿಲಿಯಂ ಮಿಲ್ಲರ್ ಎಂಬ ರೈತ ಬೋಧಕನ ಕಡೆಯವರು ಅಮೆರಿಕದಲ್ಲಿ ಹೀಗೇ ಕಾದರು. ಹೊಲದ ಆಲೂಗಡ್ಡೆ ಕೀಳದೆ ಬಿಟ್ಟವರಿದ್ದರು. 1666ರಲ್ಲಿ ಸಬ್ಬತಾಯಿ ಜೆವಿ ಎಂಬವನನ್ನು ಮೆಸ್ಸೀಯ ಅಂತ ನಂಬಿ ಎಷ್ಟೋ ಯೆಹೂದಿಗಳು ಆಸ್ತಿ ಮಾರಿ ಗಂಟು ಕಟ್ಟಿ ಕೂತಿದ್ದರು. ಸುಲ್ತಾನನ ಮುಂದೆ ನಿಲ್ಲಿಸಿದಾಗ ಆತ ಪ್ರಾಣ ಉಳಿಸಿಕೊಳ್ಳಲು ಮತವನ್ನೇ ಬದಲಾಯಿಸಿದ. ಮಾರಿದವರ ಆಸ್ತಿ ಮಾತ್ರ ವಾಪಸ್ ಬರಲಿಲ್ಲ.

ಕೌಲ್‌ಬಜಾರ್ ಹುಡುಗ
ತುಂಬಾ ಥ್ಯಾಂಕ್ಸ್. ಈ ಭಾನುವಾರ ಹೋಗುತ್ತೇನೆ. ಹೆಬ್ಬೆಟ್ಟಿಗೆ ಏನು ಮಾಡಲಿ? ಎರಡು ತಿಂಗಳ ಅಕ್ಕಿ ಹೋಯಿತು.

ಹಳೇ ಮೇಷ್ಟ್ರು
ಮೃಗದ ಗುರುತಿಗೆ ಗ್ರೀಕ್ ಮೂಲದಲ್ಲಿರುವ ಮಾತು "ಖರಾಗ್ಮ". ಒತ್ತಿದ ಅಚ್ಚು, ಠಸ್ಸೆ. ಚಕ್ರವರ್ತಿಯ ಮುದ್ರೆಗೆ, ನಾಣ್ಯದ ಅಚ್ಚಿಗೆ ಆ ಮಾತು ಬಳಸುತ್ತಿದ್ದರು. ಗುರುತು ಇಲ್ಲದವರು ಕೊಳ್ಳುವ ಹಾಗಿಲ್ಲ, ಮಾರುವ ಹಾಗಿಲ್ಲ ಅಂತ ವಚನ ಇದೆಯಲ್ಲ, ಆಗ ಕೊಳ್ಳುವುದು, ಮಾರುವುದು ಚಕ್ರವರ್ತಿಯ ಮುಖ ಇರುವ ನಾಣ್ಯದಲ್ಲೇ. ಅಲ್ಲಿ ನಿಜವಾದ ವಿಷಯ ಪೂಜೆ, ಮಷೀನಲ್ಲ.

ಪಾಸ್ಟರ್ ಮಗಳು
ಗುರುತು ಬಲಗೈಗೆ ಇಲ್ಲವೇ ಹಣೆಗೆ ಅಂತ ಇದೆ. ಮತ್ತೆ ಕೈ, ಹಣೆ ಯಾಕೆ? ಧರ್ಮೋಪದೇಶಕಾಂಡ 6ರಲ್ಲಿ ದೇವರ ಮಾತನ್ನು ಕೈಗೆ ಕಟ್ಟಿಕೋ, ಹಣೆಗೆ ಕಟ್ಟಿಕೋ ಅಂತ ಇದೆ. ಮೃಗ ಅದನ್ನೇ ಅಣಕ ಮಾಡುತ್ತೆ. ಪ್ರಕಟನೆ 14ರ ಮೊದಲ ವಚನದಲ್ಲೇ ಕುರಿಮರಿಯ ಕಡೆಯವರ ಹಣೆಯಲ್ಲೂ ಹೆಸರು ಇದೆ. ಅದೂ ಯಾರ ಕಣ್ಣಿಗೂ ಕಾಣುವ ಹಚ್ಚೆ ಅಲ್ಲ.

ಕುಷ್ಟಗಿ ಕೆಂಪು ಮಣ್ಣು
ನಾವು ದಿನಾ ಹಣೆಗೆ ವಿಭೂತಿ ಹಚ್ಚುತ್ತೇವೆ. ನಮ್ಮದೇನು?

ಪಾಸ್ಟರ್ ಮಗಳು
ನಿಮ್ಮದು ತೊಳೆದರೆ ಹೋಗುತ್ತೆ ಅಣ್ಣ, ಗಾಬರಿ ಬೇಡ.

ಮಿರ್ಚಿ ಮಂಡಕ್ಕಿ
ಇಷ್ಟೆಲ್ಲ ಗ್ರೀಕ್ ಯಾಕೆ? ವಚನದಲ್ಲಿ ಇರೋದು ಬಲಗೈ. ಎಡಗೈ ಹೆಬ್ಬೆಟ್ಟು ಒತ್ತಿ ಅಕ್ಕಿ ತಗೊಂಡು ಬರೋಕೆ ಹೇಳಿ. ಆಧಾರಿನಲ್ಲಿ ಹತ್ತೂ ಬೆರಳು ಇವೆ.

ಎಚ್ಚರಿಕೆಯ ಕಹಳೆ
ವಾಕ್ಯವನ್ನು ತಮಾಷೆ ಮಾಡಬಾರದು ಬ್ರದರ್.

ಕೌಲ್‌ಬಜಾರ್ ಹುಡುಗ
ಎಲ್ಲರಿಗೂ ನಮಸ್ಕಾರ. ಮೂರು ವಾರ ಆಯಿತು, ಏನಾಯಿತು ಅಂತ ಹೇಳದಿದ್ದರೆ ತಪ್ಪಾಗುತ್ತೆ.

ಹೋಗಿದ್ದೆ. ಮೊದಲು ಜಗಳ ಆಯಿತು. ಬೋಧಕರನ್ನು ಸುಳ್ಳು ಪ್ರವಾದಿ ಅಂದದ್ದಕ್ಕೆ ದೊಡ್ಡಪ್ಪ ಊಟದ ತಟ್ಟೆ ಬಿಟ್ಟು ಎದ್ದರು. ಸಂಜೆ ತಣ್ಣಗಾದ ಮೇಲೆ ನಾನು ಏನೂ ಹೇಳದೆ ಯೆರೆಮೀಯ 32 ಓದಿ ಅಂದೆ. ಗಟ್ಟಿಯಾಗಿ ಓದಿದರು. 17 ಶೆಕೆಲ್ ಬಂದಾಗ ನಿಲ್ಲಿಸಿ, "ಇದು ಎಷ್ಟಾಯ್ತು, ಅಗ್ಗಕ್ಕೆ ಕೊಟ್ಟನಾ?" ಅಂತ ಕೇಳಿದರು. ಆಮೇಲೆ ಅರ್ಧ ಗಂಟೆ ನಡೆದದ್ದು ಹೊಲದ ರೇಟಿನ ಮಾತು. ಅವರ ಗಿರಾಕಿ ಎಕರೆಗೆ ಪಕ್ಕದವರಿಗಿಂತ ಎಷ್ಟು ಕಡಿಮೆ ಹೇಳಿದ್ದಾನೆ ಅನ್ನೋದು ಆಗ ಹೊರಗೆ ಬಂತು. ದೊಡ್ಡಮ್ಮ ಅಡುಗೆಮನೆಯಿಂದಲೇ ಎರಡು ಮಾತು ಸೇರಿಸಿದರು, ಇಲ್ಲಿ ಬರೆಯೋಕೆ ಆಗಲ್ಲ.

ದೊಡ್ಡಪ್ಪ ಬದಲಾಗಿಲ್ಲ. ಕ್ರಿಸ್ತವಿರೋಧಿ ಬರುತ್ತಾನೆ ಅಂತಲೇ ಅನ್ನುತ್ತಾರೆ. ಆ ವಿಡಿಯೋ ಈಗಲೂ ನೋಡುತ್ತಾರೆ, ಹನ್ನೊಂದಕ್ಕೆ ಮಲಗುತ್ತಾರೆ. ಗಿರಾಕಿಗೆ ಸದ್ಯಕ್ಕೆ ಬೇಡ ಅಂದಿದ್ದಾರೆ. ಕ್ರಯಪತ್ರ, ಪಹಣಿ ಇಡೋಕೆ ಒಂದು ಮಡಕೆ ಕೊಡು ಅಂತ ದೊಡ್ಡಮ್ಮನನ್ನು ಕೇಳಿದರಂತೆ. ಇಲಿ ತಿನ್ನುತ್ತವೆ ಅಂತ ಬೈದು ಟ್ರಂಕಿನಲ್ಲಿ ಇಟ್ಟಿದ್ದಾರೆ.

ಮತ್ತೆ, ಕಹಳೆ ಬ್ರದರ್ ಕ್ಷಮಿಸಬೇಕು. ಎಡಗೈ ಹೆಬ್ಬೆಟ್ಟು ಕೊಟ್ಟು ಅಕ್ಕಿ ತಂದಿದ್ದಾರೆ.

ಮಿರ್ಚಿ ಮಂಡಕ್ಕಿ
ನನ್ನ ಸೇವೆಗೆ ಕಾಣಿಕೆ ಎಲ್ಲಿಗೆ ಕಳಿಸ್ತೀರಾ? ಖಾತೆ ನಂಬರು ಹಾಕಲಾ?

ಎಚ್ಚರಿಕೆಯ ಕಹಳೆ
ಅಕ್ಕಿ ಸಿಕ್ಕಿತಲ್ಲ. ಸ್ತೋತ್ರ.

ಹಳೇ ಮೇಷ್ಟ್ರು
ಶೆಕೆಲ್ ಅಂದರೆ ಸುಮಾರು 11 ಗ್ರಾಂ. 17ಕ್ಕೆ ಹೆಚ್ಚುಕಡಿಮೆ 190 ಗ್ರಾಂ ಬೆಳ್ಳಿ. ದೊಡ್ಡಪ್ಪನವರಿಗೆ ಹೇಳಿ.

ಗಂಗಾವತಿ ಸೋನಾ
ಸಸಿ ಮಡಿ ಹಾಕಿದ್ದಾರಾ?

ಕೌಲ್‌ಬಜಾರ್ ಹುಡುಗ
ಹಾಕಿದ್ದಾರೆ. ಆರ್‌ಎನ್‌ಆರ್ ತಳಿಯ ಭತ್ತ.

ಗಂಗಾವತಿ ಸೋನಾ
ಸರಿ. ಕಟಾವು ಆದ ಮೇಲೆ ಇಲ್ಲೇ ಒಂದು ಮಾತು ಹಾಕಿ, ರೇಟು ನೋಡೋಣ.